ಸಾರಾಂಶಮ್ಮನ ಒಂದೇ ಪುಟ

ಆ ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಗ್ರಂಥಾಲಯಕ್ಕಿಂತ ಪ್ರಶಸ್ತವಾದ ಜಾಗ ಇನ್ನೊಂದಿರಲಿಲ್ಲ. ಎಕ್ಸ್‌ರೇ ಕೋಣೆಗೂ ಬಟ್ಟೆ ಒಗೆಯುವ ಕೋಣೆಗೂ ನಡುವೆ ಸಿಕ್ಕಿಕೊಂಡಿದ್ದ ಆ ಜಾಗದಲ್ಲಿ ಸದ್ದಿಲ್ಲದೆ ತಿರುಗುವ ಫ್ಯಾನಿತ್ತು, ಉದ್ದನೆಯ ಎರಡು ಬೆಂಚುಗಳಿದ್ದವು, ತಲೆಯಡಿಗೆ ಹೇಳಿ ಮಾಡಿಸಿದಂಥ ದಪ್ಪದಪ್ಪ ಪುಸ್ತಕಗಳಿದ್ದವು. ಹನ್ನೊಂದು ವರ್ಷದಿಂದ ಅಲ್ಲಿ ಗ್ರಂಥಪಾಲಕಿಯಾಗಿದ್ದ ಹೆಂಗಸಿಗೆ ಓದುಗರ ಪರಿಚಯ ಅವರವರ ದಿಂಬಿನ ಮೂಲಕವೇ ಆಗಿತ್ತು. ಮೂಳೆ ಡಾಕ್ಟರಿಗೆ ಚರ್ಮರೋಗದ ಎರಡನೆಯ ಸಂಪುಟ ಹಿತ. ಕಣ್ಣಿನ ಡಾಕ್ಟರಿಗೆ ಸ್ವಲ್ಪ ಎತ್ತರ ಬೇಕು, ಹೃದ್ರೋಗದ ಮೇಲೆ ಒಂದು ನಿಘಂಟು. ಅರಿವಳಿಕೆ ಕೊಡುವ ಡಾಕ್ಟರು ಮಾತ್ರ ಪಾಪ, ಏನನ್ನು ಇಟ್ಟುಕೊಟ್ಟರೂ ಎರಡೇ ನಿಮಿಷಕ್ಕೆ ಗೊರಕೆ.

ಆಕೆಯನ್ನು ಮುಂದೆ ಇಡೀ ಆಸ್ಪತ್ರೆ 'ಸಾರಾಂಶಮ್ಮ' ಎಂದೇ ಕರೆಯಿತು. ಆದರೆ ಸಾರಾಂಶ ತೆಗೆಯುವ ವಿದ್ಯೆ ಆಕೆಗೆ ಒಲಿದದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಗಂಡ ಚರಿತ್ರೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಇಡೀ ತರಗತಿಗೆ ಬದಲಾಗಿ ಒಬ್ಬಳೇ ವಿದ್ಯಾರ್ಥಿನಿ ಉಳಿದಿದ್ದಳು. "ರೀ, ಚಹಾ ಬೇಕಾ?" ಎಂದು ಕೇಳಿದರೆ, ಚಹಾ ಎಲೆ ಯಾವ ಹಡಗಿನಲ್ಲಿ ಯಾವ ರೇವಿಗೆ ಮೊದಲು ಇಳಿಯಿತು ಎಂಬಲ್ಲಿಂದ ಶುರು. ಆಕೆ ಒಲೆಯ ಮುಂದೆ ನಿಂತು ಹತ್ತು ನಿಮಿಷ ಕೇಳಿ, "ಅಂದ್ರೆ ಬೇಕು," ಎಂದು ನೀರಿಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಹೀಗೆ ಸಂಸಾರ ಮಾಡಿದವಳಿಗೆ ಎಂಥ ಉದ್ದದ ಮಾತಿನ ಒಳಗೂ ಒಂದು 'ಬೇಕು' ಅಥವಾ 'ಬೇಡ' ಅಡಗಿ ಕೂತಿರುತ್ತದೆ ಎಂಬ ನಂಬಿಕೆ ಬಂದುಬಿಟ್ಟಿತ್ತು.

ಆ ನಂಬಿಕೆಗೆ ಕೆಲಸ ಬಂದದ್ದು ಒಂದು ಸೋಮವಾರ. ಎಳೆಕೂಸುಗಳ ವಾರ್ಡಿನ ಮುಖ್ಯ ನರ್ಸ್ ಉಸ್ಸಪ್ಪಾ ಎನ್ನುತ್ತ ಗ್ರಂಥಾಲಯಕ್ಕೆ ಬಂದಳು. ಎಲ್ಲರೂ ಆಕೆಯನ್ನು ಕೂಸಿನ ಸಿಸ್ಟರ್ ಎನ್ನುತ್ತಿದ್ದರು. ಸಿಸ್ಟರ್ ಬೆಂಚನ್ನು ನೋಡಲಿಲ್ಲ, ನೇರವಾಗಿ ಮೇಜಿನ ಹತ್ತಿರ ಬಂದಳು.

"ಅಕ್ಕಾ, ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಐದಿವೆ. ಬೆಚ್ಚಗಿಡೋ ಪೆಟ್ಟಿಗೆ ಇರೋದು ಎರಡು. ಅದರಲ್ಲಿ ಒಂದು ಬೆಚ್ಚಗಾಗೋದು ಬಿಟ್ಟು ಬೇರೆ ಎಲ್ಲ ಮಾಡುತ್ತೆ, ಕೂಗುತ್ತೆ, ದೀಪ ಹಾಕುತ್ತೆ. ಪೆಟ್ಟಿಗೆ ಇಲ್ಲದೆ ಏನಾದ್ರೂ ಮಾಡಬಹುದು ಅಂತ ಎಲ್ಲೋ ಕೇಳಿದ್ದೆ. ನಿಮ್ಮ ಕಂಪ್ಯೂಟರಲ್ಲಿ ಸಿಗುತ್ತಾ ನೋಡಿ."

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಆ ಕೋಣೆಯಲ್ಲಿ ಓದುವುದಕ್ಕೆ ಏನನ್ನಾದರೂ ಕೇಳಿದ್ದರು. ಆಕೆ ಕಂಪ್ಯೂಟರಿನ ಮೇಲಿನ ಧೂಳು ಒರೆಸಿದಳು. ಎರಡು ಗಂಟೆ ಹುಡುಕಿ ಹದಿನಾಲ್ಕು ಪುಟದ ಲೇಖನವೊಂದನ್ನು ಮುದ್ರಿಸಿ, ಮಗಳನ್ನು ಗಂಡನ ಮನೆಗೆ ಕಳುಹಿಸುವವಳ ಹಾಗೆ ಎರಡೂ ಕೈಯಲ್ಲಿ ಒಪ್ಪಿಸಿದಳು. ಸಿಸ್ಟರ್ ಮೊದಲ ಪುಟ ನೋಡಿದಳು, ಕೊನೆಯ ಪುಟ ನೋಡಿದಳು, ನಡುವೆ ಇದ್ದ ಅಂಕಿಗಳ ಕಾಡನ್ನು ನೋಡಿದಳು.

"ಅಕ್ಕಾ, ಇದನ್ನ ನಾನು ಓದಿ ಮುಗಿಸೋ ಹೊತ್ತಿಗೆ ಕೂಸು ಶಾಲೆಗೆ ಹೋಗ್ತಾ ಇರುತ್ತೆ."

ಕಾಗದ ವಾಪಸಾಯಿತು. ಆಕೆ ಅದನ್ನು ಮನೆಗೆ ಕೊಂಡೊಯ್ದು, ಮೇಷ್ಟ್ರು ಸಾಮ್ರಾಜ್ಯವೊಂದರ ಪತನವನ್ನು ವಿವರಿಸುತ್ತಿದ್ದಾಗ ಪಕ್ಕದಲ್ಲೇ ಕೂತು ಓದಿದಳು. ಮೇಷ್ಟ್ರಿಗೆ ಒಂದು ಕಿವಿ ಸಾಕಾಯಿತು. ಲೇಖನದ ಭಾಷೆ ಕಬ್ಬಿಣದ ಕಡಲೆ. ಅದಕ್ಕಿಂತ ಕಷ್ಟ ಎಂದರೆ, ಬರೆದವರು ಏನನ್ನೂ ಕಡ್ಡಿ ಮುರಿದ ಹಾಗೆ ಹೇಳಿರಲಿಲ್ಲ. 'ಹೀಗಿರಬಹುದೆಂದು ಭಾವಿಸಲು ಆಸ್ಪದವಿದೆ' ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತ ಹೋಗಿದ್ದರು. ಆದರೂ ಒಳಗೊಂದು 'ಬೇಕು' ಇತ್ತು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ, ಆದಷ್ಟು ಹೊತ್ತು ಹಾಗೇ ಇಡಬೇಕು. ಆಸ್ಟ್ರೇಲಿಯಾದ ಪ್ರಾಣಿಯೊಂದು ಮರಿಯನ್ನು ಚೀಲದಲ್ಲಿ ಇಟ್ಟುಕೊಂಡ ಹಾಗೆ. ಆಕೆ ಮನೆಮಾತಿನಲ್ಲಿ ಒಂದೇ ಪುಟಕ್ಕೆ ಇಳಿಸಿದಳು: ಯಾರ ಮೇಲೆ ಮಾಡಿ ನೋಡಿದರು, ಏನು ಮಾಡಿದರು, ಏನಾಯಿತು, ನಾಳೆ ಬೆಳಗ್ಗೆ ನಾವು ಏನು ಮಾಡಬಹುದು. ತಲೆಬರಹಕ್ಕೆ 'ಕಾಂಗರೂ ಆರೈಕೆ' ಎಂದು ದಪ್ಪಕ್ಷರದಲ್ಲಿ ಬರೆದಳು.

ಸಿಸ್ಟರ್ ಅದನ್ನು ನಿಂತ ಕಾಲಲ್ಲಿ ಓದಿ ಮುಗಿಸಿ, ಸುತ್ತುವ ಬಟ್ಟೆಗಾಗಿ ಉಗ್ರಾಣಕ್ಕೆ ಬೇಡಿಕೆ ಚೀಟಿ ಕಳುಹಿಸಿದಳು. ಅವಸರದಲ್ಲಿ 'ಕಾಂಗರೂ, ಐದು ಕೂಸುಗಳಿಗೆ' ಎಂದಷ್ಟೇ ಬರೆದಿದ್ದಳು. ಉಗ್ರಾಣದವರು ಸರ್ವಿಸಿನಲ್ಲಿ ಎಂದೂ ಪ್ರಶ್ನೆ ಕೇಳಿದವರಲ್ಲ. ಸಂಜೆಯೊಳಗೆ ಮೊಹರು ಹಾಕಿದ ಉತ್ತರ ಬಂತು: 'ಕಾಂಗರೂ ದಾಸ್ತಾನಿನಲ್ಲಿಲ್ಲ. ಐದರ ಬೇಡಿಕೆಯನ್ನು ಕೇಂದ್ರ ಉಗ್ರಾಣಕ್ಕೆ ಕಳುಹಿಸಲಾಗಿದೆ.' ಹದಿನೈದು ದಿನ ಬಿಟ್ಟು ಕೇಂದ್ರ ಉಗ್ರಾಣದಿಂದ ಇನ್ನೊಂದು ಪತ್ರ ಬಂತು: 'ಅಳತೆ ನಮೂದಿಸಿ.'

ಅಷ್ಟರಲ್ಲಿ ಸಿಸ್ಟರ್ ತನ್ನ ಹಳೆಯ ಹತ್ತಿಸೀರೆಗಳನ್ನು ಹರಿದು ಐವರು ತಾಯಂದಿರಿಗೂ ಸುತ್ತಿಯಾಗಿತ್ತು. ಕೂಸುಗಳು ಬೆಚ್ಚಗೆ ಮಲಗಿ ಹಾಲು ಕುಡಿದವು, ತೂಕ ಹೆಚ್ಚಿಸಿಕೊಂಡವು. ಒಬ್ಬಳು ತಾಯಿ ಶೌಚಾಲಯಕ್ಕೆ ಹೋಗಿ ಬರುವಷ್ಟು ಹೊತ್ತು ಕೂಸನ್ನು ಗಂಡನ ಎದೆಗೆ ಕಟ್ಟಿದರು. ಆತ ಮೀಸೆಯ ದಪ್ಪ ಆಳು, ಲಾರಿ ಡ್ರೈವರು. ಉಸಿರಾಡಿದರೆ ಎಲ್ಲಿ ಕೂಸು ಎದ್ದುಬಿಡುತ್ತದೋ ಎಂದು ಕೆಂಪಗಾಗಿ ಕೂತಿದ್ದ. ಮರುದಿನ ಅವನೇ ಕೇಳಿ ಕಟ್ಟಿಸಿಕೊಂಡ.

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬರತೊಡಗಿದರು. ಸೂಜಿ ಚುಚ್ಚುವ ಮೊದಲು ಏನು ಒರೆಸಬೇಕು, ಹೆರಿಗೆಯಾದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸಬೇಕೋ ಕಾಯಬೇಕೋ. ಆಕೆ ಹುಡುಕುವಳು, ಓದುವಳು, ಒಂದು ಪುಟಕ್ಕೆ ಇಳಿಸುವಳು. ನೋಟೀಸ್ ಬೋರ್ಡಿಗೆ ಹಾಕಲಿಲ್ಲ. ಅಲ್ಲಿ ನಾಲ್ಕು ವರ್ಷದ ಹಿಂದೆ ಕಳೆದುಹೋದ ಛತ್ರಿಯ ಪ್ರಕಟಣೆ ಇನ್ನೂ ಇತ್ತು, ಅದನ್ನೂ ಯಾರೂ ಓದಿರಲಿಲ್ಲ. ಜನ ಬೇರೆ ದಾರಿಯಿಲ್ಲದೆ ನಿಲ್ಲುವ ಕಡೆ ಅಂಟಿಸಿದಳು: ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಯಂತ್ರದ ಪಕ್ಕ, ಕೈ ತೊಳೆಯುವ ಬೇಸಿನ್ನಿನ ಮೇಲೆ, ಚಹಾದ ಸಾಲಿನಲ್ಲಿ. ಹಾಜರಿ ಯಂತ್ರ ಯಾರ ಹೆಬ್ಬೆಟ್ಟನ್ನೂ ಮೂರು ಸಲಕ್ಕೆ ಮುಂಚೆ ಗುರುತಿಸುತ್ತಿರಲಿಲ್ಲವಾದ್ದರಿಂದ ಅಲ್ಲಿ ಅಂಟಿಸಿದ್ದು ಎಲ್ಲರಿಗೂ ಬಾಯಿಪಾಠವಾಯಿತು.

ಹೊಗಳಿಕೆ ತಲೆಗೇರುವ ಹೊತ್ತಿಗೆ ಸರಿಯಾಗಿ ಒಂದು ಏಟು ಬಿತ್ತು. ಭೇದಿಯಾದ ಮಕ್ಕಳಿಗೆ ಉಪ್ಪು-ಸಕ್ಕರೆ ದ್ರಾವಣದ ಜೊತೆ ಸತುವಿನ ಮಾತ್ರೆ ಕೊಡುವ ಬಗ್ಗೆ ಬರೆದ ಪುಟದಲ್ಲಿ, ಆರು ತಿಂಗಳೊಳಗಿನ ಕೂಸಿಗೆ ಅರ್ಧ ಮಾತ್ರೆ ಎಂಬ ಸಾಲು ಬಿಟ್ಟುಹೋಗಿತ್ತು. ಜಾಗ ಸಾಲದೆ ಆಕೆಯೇ ಬಿಟ್ಟಿದ್ದಳು. ನಾಲ್ಕು ತಿಂಗಳ ಕೂಸೊಂದಕ್ಕೆ ಇಡೀ ಮಾತ್ರೆ ಹೋಯಿತು. ಕೂಸು ವಾಂತಿ ಮಾಡಿತು, ಅಷ್ಟೇ. ಸಂಜೆಗೆ ನಗುತ್ತ ಕೈಕಾಲು ಬಡಿಯುತ್ತಿತ್ತು. ಸಿಸ್ಟರ್ ಬಂದು ಮೆಲ್ಲಗೆ ಹೇಳಿದಳು. ಸಾರಾಂಶಮ್ಮ ಎದ್ದು ಇಡೀ ಆಸ್ಪತ್ರೆಯ ಗೋಡೆಗಳಿಂದ ತನ್ನ ಪುಟಗಳನ್ನೆಲ್ಲ ಕಿತ್ತು ತಂದಳು.

"ರೀ, ಸಾರಾಂಶ ಅಂದ್ರೆ ಬಿಡೋದು ಅಂದ್ಕೊಂಡಿದ್ದೆ," ಎಂದಳು ಮನೆಗೆ ಬಂದು. "ಏನನ್ನ ಬಿಡಬಾರದು ಅಂತ ಗೊತ್ತಿರೋದೇ ಸಾರಾಂಶ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವರೇ ಎದ್ದು ಚಹಾ ಮಾಡಿ ತಂದರು. ಚರಿತ್ರೆಯಿಲ್ಲದೆ.

ಒಂದು ವಾರ ಕೂತು ಪ್ರತಿ ಪುಟವನ್ನೂ ಮೂಲದ ಜೊತೆ ಹಿಡಿದು ನೋಡಿದಳು. ಎಲ್ಲದರ ಮೇಲೂ ಕೆಂಪು ಶಾಯಿಯಲ್ಲಿ ಒಂದು ಹೊಸ ಸಾಲು ಸೇರಿತು: 'ಇದು ಯಾರಿಗೆ ಅಲ್ಲ?' ಸಿಸ್ಟರ್ ಸಹಿ ಹಾಕದೆ ಯಾವ ಪುಟವೂ ಗೋಡೆ ಏರಬಾರದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು.

ಹೀಗಿರುವಾಗ ಶಸ್ತ್ರಚಿಕಿತ್ಸೆ ವಾರ್ಡಿನ ನರ್ಸುಗಳು ಒಂದು ಗೋಳು ತಂದರು. ಹೊಲಿಗೆ ಹಾಕಿದ ಗಾಯಗಳು ಕೀವಾಗುವುದು ಹೆಚ್ಚು. ಹುಡುಕುತ್ತ ಹೋದಾಗ ಆಕೆಗೆ ಒಂದು ಲೇಖನದ ತಲೆಬರಹ ಸಿಕ್ಕಿತು: ಶಸ್ತ್ರಚಿಕಿತ್ಸೆಗೆ ಮೊದಲು ಚರ್ಮದ ಕೂದಲನ್ನು ಕತ್ತಿಯಿಂದ ಬೋಳಿಸುವುದರ ಬಗ್ಗೆ. ತೆರೆಯಲು ಹೋದರೆ ಹತ್ತು ಸಾಲು ಕಂಡಿತು, ಆಮೇಲೆ ಬೀಗದ ಚಿತ್ರ. ಒಳಗೆ ಹೋಗಬೇಕಾದರೆ ಕೊಡಬೇಕಾದ ಶುಲ್ಕ ನೋಡಿ ಆಕೆ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದಳು. ಅಂಕಿ ಬದಲಾಗಲಿಲ್ಲ.

"ಬರೆದವರಿಗೇ ಪತ್ರ ಬರಿ," ಎಂದರು ಮೇಷ್ಟ್ರು. ಬರಿ ಎಂದವರು ತಾವೇ ಬರೆಯಲು ಕೂತರು. ಮೂರು ಪುಟವಾಯಿತು. 'ಮಾನವನು ಗುಹೆಯಲ್ಲಿ ವಾಸಿಸುತ್ತಿದ್ದ ಕಾಲದಲ್ಲಿ ಚಕಮಕಿ ಕಲ್ಲಿನ ಚೂರಿನಿಂದ ಗಡ್ಡವನ್ನು ಕತ್ತರಿಸಿಕೊಳ್ಳುತ್ತಿದ್ದನು' ಎಂದು ಆರಂಭ. ಆಕೆ ಅದನ್ನು ಗೌರವದಿಂದ ಓದಿ, ಅದರಿಂದ 'ದಯವಿಟ್ಟು' ಎಂಬ ಒಂದು ಪದವನ್ನು ಉಳಿಸಿಕೊಂಡು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದಳು: 'ಮೇಡಂ, ನಿಮ್ಮ ಲೇಖನದ ಬಾಗಿಲು ನಮಗೆ ಹಾಕಿದೆ. ಕಿಟಕಿಯಿಂದ ಹತ್ತು ಸಾಲು ಕಾಣುತ್ತದೆ. ನಮ್ಮಲ್ಲಿ ದಿನಕ್ಕೆ ಆರು ಜನರಿಗೆ ಶಸ್ತ್ರಚಿಕಿತ್ಸೆ. ದಯವಿಟ್ಟು ಒಳಗೆ ಬಿಡಿ.'

ಮೂರನೆಯ ದಿನ ಉತ್ತರ ಬಂತು. 'ಈ ಅಧ್ಯಯನಕ್ಕೆ ನನಗೆ ಆರು ವರ್ಷ ಹಿಡಿಯಿತು. ಪ್ರಕಟವಾದ ಮೇಲೆ ಬಂದ ಪತ್ರಗಳು ಮೂರು. ಎರಡು, ನಾನು ಹೇಳಿದ್ದು ತಪ್ಪು ಎಂದು. ಮೂರನೆಯದು ನಿಮ್ಮದು. ಇಪ್ಪತ್ತೆರಡು ಪುಟವನ್ನೂ ಕಳುಹಿಸಿದ್ದೇನೆ. ನೀವು ಕೊನೆಯವರೆಗೆ ಓದಿದರೆ ದಯಮಾಡಿ ತಿಳಿಸಿ. ನನ್ನ ಗಂಡ ಕೂಡ ಓದಿಲ್ಲ.'

ಆಕೆ ಓದಿದಳು. ಒಳಗಿನ 'ಬೇಡ' ಈ ಸಲ ಸ್ಪಷ್ಟವಾಗಿತ್ತು. ಕೂದಲು ಅಡ್ಡಿಯಾಗದಿದ್ದರೆ ತೆಗೆಯಲೇ ಬೇಡಿ; ತೆಗೆಯಲೇಬೇಕಿದ್ದರೆ ಕತ್ತಿ ಬೇಡ, ಟ್ರಿಮ್ಮರ್ ಯಂತ್ರದಿಂದ ಕತ್ತರಿಸಿ. ಕತ್ತಿಯಿಂದ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ಕ್ರಿಮಿಗಳಿಗೆ ಅವೇ ಬಾಗಿಲು. ಪುಟ ಸಿದ್ಧವಾಯಿತು, ಸಿಸ್ಟರ್ ಸಹಿ ಹಾಕಿದಳು, ಶಸ್ತ್ರಚಿಕಿತ್ಸೆ ವಾರ್ಡಿನ ಬಾಗಿಲಲ್ಲಿ ಅಂಟಿತು.

ಇಬ್ಬರಿಗೂ ಒಂದು ವಿಷಯ ಹೊಳೆದಿರಲಿಲ್ಲ. ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ಆ ಬೋಳಿಸುವ ಕೆಲಸವನ್ನೇ ಮಾಡುತ್ತಿದ್ದ ಮನುಷ್ಯನೊಬ್ಬನಿದ್ದ.

ಎಲ್ಲರೂ ಕ್ಷೌರದಣ್ಣ ಎನ್ನುತ್ತಿದ್ದ ಆತ ಮರುದಿನ ಬೆಳಗ್ಗೆ, ಗೋಡೆಯಿಂದ ಕಿತ್ತ ಪುಟವನ್ನು ಕೈಯಲ್ಲಿ ಹಿಡಿದು ಗ್ರಂಥಾಲಯಕ್ಕೆ ನುಗ್ಗಿದ. ಇನ್ನೊಂದು ಕೈಯಲ್ಲಿ ಪೆಟ್ಟಿಗೆ.

"ಏನಮ್ಮಾ ಇದು? ನನ್ನ ಕತ್ತಿಗೆ ಗೋಡೆ ಮೇಲೆ ಶ್ರದ್ಧಾಂಜಲಿ ಬರೆದಿದ್ದೀರಲ್ಲ! ಇವತ್ತು ಹರ್ನಿಯಾ ಆಪರೇಷನ್ನಿಗೆ ಬಂದ ಮುದುಕಪ್ಪ ನನ್ನ ಕೈ ಹಿಡ್ಕೊಂಡು, 'ಬೇಡಪ್ಪಾ, ಬಾಗಿಲಲ್ಲಿ ಬರೆದಿದೆ, ನೀನು ಕ್ರಿಮಿ ಬಿಡ್ತೀಯಂತೆ' ಅಂದ. ನಾನು! ಕ್ರಿಮಿ! ಈ ಊರಲ್ಲಿ ಹೊಟ್ಟೆ ಕೊಯ್ಸಿಕೊಂಡ ಒಬ್ಬೊಬ್ಬನೂ ಮೊದಲು ನನ್ನ ಕೈಯಿಂದ ಹಾದೇ ಹೋಗಿರೋದು!"

ಬೆಂಚಿನ ಮೇಲೆ ಮಲಗಿದ್ದ ಅರಿವಳಿಕೆ ಡಾಕ್ಟರು ಮಗ್ಗುಲು ಬದಲಾಯಿಸಿದರು, ಏಳಲಿಲ್ಲ.

"ಕೂತ್ಕೊಳ್ಳಿ ಅಣ್ಣಾ," ಎಂದಳು ಸಾರಾಂಶಮ್ಮ. ಅವಳಿಗೆ ನಿಜಕ್ಕೂ ನಾಚಿಕೆಯಾಗಿತ್ತು. "ನಿಮಗೆ ಮೊದಲು ಹೇಳಬೇಕಿತ್ತು. ತಪ್ಪಾಯ್ತು. ಇದರಲ್ಲಿ ಇರೋದನ್ನ ಓದಿ ಹೇಳಲಾ?"

ಆತ ಕೂರಲಿಲ್ಲ. ಆದರೆ ಹೋಗಲೂ ಇಲ್ಲ. ಆಕೆ ಓದಿದಳು. ಮುಗಿಯುವ ಮೊದಲೇ ಆತ ತಡೆದ.

"ನಿಲ್ಲಿ. ಯಾವಾಗ ಬೋಳಿಸಿದ್ದು? ಹಿಂದಿನ ದಿನ ಸಂಜೇನೋ, ಆವತ್ತು ಬೆಳಗ್ಗೇನೋ?"

"ಅದು… ಬರೆದಿಲ್ಲ."

"ಅದೇ ಮುಖ್ಯ ಅಲ್ವೇನಮ್ಮಾ! ಇಲ್ಲಿ ಹಿಂದಿನ ದಿನ ಸಂಜೆನೇ ಬೋಳಿಸು ಅಂತಾರೆ. ಬೆಳಗಾಗೋ ಹೊತ್ತಿಗೆ ಸಣ್ಣ ಗುಳ್ಳೆ ಎದ್ದಿರುತ್ತೆ. ಕಣ್ಣಾರೆ ನೋಡಿದ್ದೀನಿ. ಇನ್ನೊಂದು, ಒಣಚರ್ಮದ ಮೇಲೋ, ನೊರೆ ಹಚ್ಚಿಯೋ? ಒಬ್ಬನಿಗೆ ಒಂದು ಬ್ಲೇಡೋ, ಒಂದೇ ಬ್ಲೇಡಲ್ಲಿ ನಾಲ್ಕು ಜನಕ್ಕೋ?"

ಸಾರಾಂಶಮ್ಮ ಇಪ್ಪತ್ತೆರಡು ಪುಟಗಳನ್ನು ತೆಗೆದು ತಿರುವಿದಳು. ಹದಿನೇಳನೆಯ ಪುಟದಲ್ಲಿ ಮೂರನೆಯ ಕೋಷ್ಟಕ. ಬರೀ ಅಂಕಿ ಎಂದು ಆಕೆ ಹಾರಿಸಿದ್ದು. ಹಿಂದಿನ ದಿನ ಬೋಳಿಸಿದವರಲ್ಲಿ ಎಷ್ಟು ಜನಕ್ಕೆ ಕೀವು, ಅದೇ ಬೆಳಗ್ಗೆ ಆದವರಲ್ಲಿ ಎಷ್ಟು, ಎಲ್ಲ ಅಲ್ಲಿತ್ತು. ಹಿಂದಿನ ದಿನದ ಅಂಕಿಯೇ ಹೆಚ್ಚು.

"ಇದೆ ಅಣ್ಣಾ," ಎಂದಳು ಮೆಲ್ಲಗೆ. "ನೀವು ಹೇಳಿದ್ದೇ ಇದೆ."

ಕ್ಷೌರದಣ್ಣ ಈಗ ಕೂತ. "ಆ ಮೇಡಮ್ಮಿಗೆ ಆರು ವರ್ಷ ಹಿಡೀತಾ? ನನ್ನ ಕೇಳಿದ್ರೆ ಅರ್ಧ ಗಂಟೇಲಿ ಹೇಳ್ತಿದ್ದೆ."

"ನೀವು ಹೇಳಿದ್ರೆ ಯಾರಾದ್ರೂ ನಂಬ್ತಿದ್ರಾ?"

"ಹೇಳಿದ್ದೆನಮ್ಮ. ದೊಡ್ಡ ಡಾಕ್ಟ್ರಿಗೇ ಹೇಳಿದ್ದೆ, ಎಷ್ಟೋ ವರ್ಷದ ಹಿಂದೆ. 'ನೀನು ಕತ್ತಿ ಹಿಡ್ಕೋ, ನಾನು ಚಾಕು ಹಿಡ್ಕೋತೀನಿ, ಅವರವರ ಕೆಲಸ ಅವರವರು ನೋಡ್ಕೊಳ್ಳೋಣ' ಅಂದ್ರು." ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳಾಡಿಸಿದ. "ಎಲ್ಲ ಸರಿ. ಕತ್ತಿ ಬೇಡ ಅಂದ್ರೆ ಆಮೇಲೆ ನಾನ್ಯಾಕೆ ಇಲ್ಲಿ?"

ಅದಕ್ಕೆ ಉತ್ತರ ಆಕೆಯ ಪುಟದಲ್ಲಿರಲಿಲ್ಲ. ಲೇಖನದಲ್ಲಿ ಹುಡುಕಿದಳು. "ಯಂತ್ರದಿಂದ ಕತ್ತರಿಸೋದನ್ನ ಪಳಗಿದ ಕೈಯೇ ಮಾಡಬೇಕು ಅಂತಿದೆ. ಎಲ್ಲಿ ಬೇಕು, ಎಲ್ಲಿ ಬೇಡ ಅಂತ ನೋಡಿ, ಆಪರೇಷನ್ನಿಗೆ ಸ್ವಲ್ಪ ಮೊದಲು. ಅಣ್ಣಾ, ಯಂತ್ರ ತಾನೇ ತಿರುಗಲ್ಲ. ಪಳಗಿದ ಕೈ ಈ ಆಸ್ಪತ್ರೇಲಿ ಇನ್ಯಾರದಿದೆ?"

ಆತ ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಅದನ್ನು ಪೂರ್ತಿ ಬಾಯಿಪಾಠ ಮಾಡುತ್ತಾನೆಂದು ಆಕೆಗೆ ಗೊತ್ತಿರಲಿಲ್ಲ.

ಉಳಿದದ್ದು ದೊಡ್ಡ ಡಾಕ್ಟರು. ಶಸ್ತ್ರಚಿಕಿತ್ಸೆಯಲ್ಲಿ ಅವರ ಕೈ ಬಂಗಾರ, ಕಿವಿ ಮಾತ್ರ ಕಲ್ಲು. ಬೋಳಿಸದೆ ಬಂದ ರೋಗಿಯನ್ನು ಮೇಜಿನಿಂದಲೇ ವಾಪಸು ಕಳುಹಿಸಿದ್ದರು. ಸಾರಾಂಶಮ್ಮ ಪುಟ ಹಿಡಿದು ಹೋದಾಗ ತಲೆಬರಹ ನೋಡಿಯೇ ವಾಪಸು ಕೊಟ್ಟುಬಿಟ್ಟರು.

"ಮನೆಮಾತಿನಲ್ಲಿ ಬರೆದ ಮೇಲೆ ಅದು ಸಂಶೋಧನೆ ಹೇಗಾಗುತ್ತಮ್ಮ? ಅರ್ಥ ಆಗ್ತಾ ಇದೆ. ಅಲ್ಲೇ ನನಗೆ ಅನುಮಾನ."

ಪ್ರತಿ ಶನಿವಾರ ಮಧ್ಯಾಹ್ನ ದೊಡ್ಡ ಡಾಕ್ಟರಿಗೆ ಗಡ್ಡ ಮಾಡುವುದು ಕ್ಷೌರದಣ್ಣನ ಪದ್ಧತಿ. ಬೆಳಕು, ಗಾಳಿ ಎರಡೂ ಇರುವುದರಿಂದ ಅದು ನಡೆಯುತ್ತಿದ್ದದ್ದು ಗ್ರಂಥಾಲಯದ ಕಿಟಕಿಯ ಪಕ್ಕ. ಆ ಶನಿವಾರವೂ ಡಾಕ್ಟರು ಕುರ್ಚಿಗೆ ಒರಗಿ, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದರು. ಕ್ಷೌರದಣ್ಣ ಹೊಸ ಬ್ಲೇಡು ಹಾಕಿ, ಕತ್ತಿಯನ್ನು ಗಂಟಲುಮಣಿಯ ಪಕ್ಕ ಇಟ್ಟು, ಗಂಟಲು ಸರಿಮಾಡಿಕೊಂಡ.

"ಯಾರ ಮೇಲೆ ಮಾಡಿ ನೋಡಿದರು? ಒಂಬತ್ತು ಆಸ್ಪತ್ರೆಗಳ ಮೂರು ಸಾವಿರದ ಇನ್ನೂರು ಜನರ ಮೇಲೆ."

ಡಾಕ್ಟರ ಕಣ್ಣು ತೆರೆಯಿತು.

"ಅಲ್ಲಾಡಬೇಡಿ ಸಾರ್. ಏನು ಮಾಡಿದರು? ಮೂರು ಗುಂಪು ಮಾಡಿದರು."

"ಹೂಂ…!"

"ಮಾತಾಡಬೇಡಿ ಸಾರ್, ಗಂಟಲು. ಒಂದು ಗುಂಪಿಗೆ ಕತ್ತಿ, ಒಂದಕ್ಕೆ ಯಂತ್ರ, ಇನ್ನೊಂದಕ್ಕೆ ಏನೂ ಇಲ್ಲ."

ಸಾರಾಂಶಮ್ಮ ಮೇಜಿನ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ದೊಡ್ಡ ಡಾಕ್ಟರು ನುಂಗಲಾರದೆ, ಉಗುಳಲಾರದೆ, ಛಾವಣಿಯನ್ನು ನೋಡುತ್ತ ಇಡೀ ಪುಟ ಕೇಳಿದರು. ಎಡಗೆನ್ನೆ ಮುಗಿಯುವ ಹೊತ್ತಿಗೆ 'ಏನಾಯಿತು' ಬಂದಿತ್ತು, ಗದ್ದಕ್ಕೆ ಬರುವಾಗ 'ನಾಳೆ ಬೆಳಗ್ಗೆ ಏನು ಮಾಡಬಹುದು.'

"ಮುಗೀತಾ?" ಎಂದರು ಹಲ್ಲು ಕಚ್ಚಿ.

"ಇನ್ನೂ ಮೇಲ್ದುಟಿ ಇದೆ ಸಾರ್. ಮೂರನೇ ಕೋಷ್ಟಕಾನೂ ಇದೆ."

ಕೊನೆಗೆ ಮುಖ ಒರೆಸಿ, ಎಂದಿನಂತೆ ಪಟಿಕದ ಕಲ್ಲನ್ನು ನೀರಲ್ಲಿ ಅದ್ದಿ ಕೆನ್ನೆಗೆ ಉಜ್ಜಿದ. ಡಾಕ್ಟರು ಎಂದಿನಂತೆ ಮುಖ ಹಿಂಡಿದರು.

"ಉರಿಯುತ್ತಾ ಸಾರ್?"

"ಉರಿಯದೆ ಇನ್ನೇನು? ಪಟಿಕ ಅಂದ್ಮೇಲೆ ಉರಿಯುತ್ತೆ."

"ನನ್ನ ಅಂಗೈಗೆ ಉಜ್ಜಿಕೊಂಡ್ರೆ ಉರಿಯಲ್ಲ, ನೋಡಿ. ಗಾಯ ಇದ್ದ ಕಡೆ ಮಾತ್ರ ಉರಿಯೋದು." ಕನ್ನಡಿ ಹಿಡಿದ. "ರಕ್ತ ಎಲ್ಲಾದ್ರೂ ಕಾಣುತ್ತಾ? ಇಲ್ಲ. ಮೂವತ್ತು ವರ್ಷದ ಕೈ, ಹೊಸ ಬ್ಲೇಡು, ಒಳ್ಳೆ ಬೆಳಕು. ಆದ್ರೂ ಇಡೀ ಮುಖ ಉರಿಯುತ್ತೆ. ಇನ್ನು ವಾರ್ಡಿನ ಮಂದಬೆಳಕಲ್ಲಿ, ನಾಲ್ಕು ಜನಕ್ಕೆ ಒಂದೇ ಬ್ಲೇಡಲ್ಲಿ, ಹೊಟ್ಟೆ ಮೇಲೆ ಏನಾಗಿರಬಹುದು ಸಾರ್?"

ದೊಡ್ಡ ಡಾಕ್ಟರು ಕನ್ನಡಿಯಲ್ಲಿ ತಮ್ಮ ಮುಖವನ್ನು ಬಹಳ ಹೊತ್ತು ನೋಡಿಕೊಂಡರು. ಕೆನ್ನೆ ಮುಟ್ಟಿಕೊಂಡರು. ಆಮೇಲೆ ಕ್ಷೌರದಣ್ಣನ ಕಡೆಗೆ ತಿರುಗದೆ ಸಾರಾಂಶಮ್ಮನ ಕಡೆ ಕೈ ಚಾಚಿದರು.

"ಪೂರ್ತಿ ಲೇಖನ ಇದೆಯೇನಮ್ಮ? ಅರ್ಥ ಆಗದೇ ಇರೋದು?"

ಆಕೆ ಇಪ್ಪತ್ತೆರಡು ಪುಟವನ್ನೂ ಕೊಟ್ಟಳು. ಅವರು ಬೆಂಚಿನ ಮೇಲೆ ಕೂತು ಓದಿದರು. ಸಂಜೆ ನಾಲ್ಕರವರೆಗೆ ಓದಿದರು. ಮೂಳೆ ಡಾಕ್ಟರು ತಮ್ಮ ಮಾಮೂಲಿ ಜಾಗಕ್ಕೆ ಬಂದವರು, ಅಲ್ಲಿ ಒಬ್ಬರು ಎಚ್ಚರವಾಗಿ ಕೂತಿರುವುದನ್ನು ಕಂಡು ಗಾಬರಿಯಾಗಿ ವಾಪಸು ಹೋದರು.

"ಮೂರು ತಿಂಗಳು," ಎಂದರು ದೊಡ್ಡ ಡಾಕ್ಟರು ಏಳುತ್ತ. "ಮೂರು ತಿಂಗಳು ಮಾಡಿ ನೋಡೋಣ. ಗಾಯಗಳನ್ನ ಎಣಿಸಬೇಕು. ನನ್ನ ಕಡೆಯವರು ಎಣಿಸಬಾರದು, ಬೇರೆ ವಾರ್ಡಿನವರು ಎಣಿಸಬೇಕು. ಆಗ ನಂಬ್ತೀನಿ."

ಕೂಸಿನ ಸಿಸ್ಟರ್ ಎಣಿಸಲು ಒಪ್ಪಿದಳು. ಹಿಂದಿನ ಮೂರು ತಿಂಗಳ ಲೆಕ್ಕವನ್ನೂ ಹಳೆಯ ದಾಖಲೆಗಳಿಂದ ಹೆಕ್ಕಿದಳು. ಉಗ್ರಾಣದವರು ಈ ಸಲ ಜಾಣರಾಗಿದ್ದರು, ಟ್ರಿಮ್ಮರ್ ಎಂದು ಬರೆದ ಚೀಟಿ ಹಿಡಿದು ಖುದ್ದಾಗಿ ಬಂದು, "ಇದು ಪ್ರಾಣಿಯೋ, ವಸ್ತುವೋ?" ಎಂದು ಕೇಳಿಕೊಂಡು ಹೋದರು. ಎರಡು ಯಂತ್ರ ಬಂದವು. ಕ್ಷೌರದಣ್ಣ ಮೊದಲ ವಾರ ಅವುಗಳನ್ನು ಮಲಮಕ್ಕಳ ಹಾಗೆ ನೋಡಿದ. ಎರಡನೆಯ ವಾರ ತಾನೇ ಎಣ್ಣೆ ಹಾಕಿದ. ಒಬ್ಬರಿಗೆ ಬಳಸಿದ ಮೇಲೆ ಯಂತ್ರದ ಬ್ಲೇಡಿರುವ ತಲೆಯನ್ನು ಹೇಗೆ ಶುದ್ಧ ಮಾಡಬೇಕು ಎಂದು ಲೇಖನದಲ್ಲಿ ಇರಲಿಲ್ಲ, ಅಲ್ಲಿಯವರು ಒಮ್ಮೆ ಬಳಸಿ ಎಸೆಯುತ್ತಿದ್ದರು. ಇಲ್ಲಿ ಎಸೆದರೆ ಮುಂದಿನ ತಲೆ ಬರುವ ಹೊತ್ತಿಗೆ ರೋಗಿಗೆ ಮತ್ತೆ ಕೂದಲು ಬಂದಿರುತ್ತದೆ. ಬಳಸಿದ ತಲೆಗಳನ್ನು ಶಸ್ತ್ರಚಿಕಿತ್ಸೆಯ ಉಪಕರಣಗಳ ಜೊತೆಯಲ್ಲೇ ತೊಳೆದು ಹಬೆಯಲ್ಲಿ ಇಡಬಹುದೇ ಎಂದು ಸಾರಾಂಶಮ್ಮ ಮೇಡಮ್ಮಿಗೆ ಬರೆದು ಕೇಳಿದಳು. ಲೋಹದ ತಲೆಯಾದರೆ ಇಡಬಹುದು, ಪ್ಲಾಸ್ಟಿಕ್ಕಾದರೆ ಕರಗುತ್ತದೆ ಎಂದು ಉತ್ತರ ಬಂತು. ಉತ್ತರ ಬರುವ ಮೊದಲೇ ಒಂದು ಕರಗಿತ್ತು.

ಮೂರು ತಿಂಗಳ ಮೇಲೆ ಸಿಸ್ಟರ್ ಲೆಕ್ಕ ತಂದಳು. ಮೊದಲು ನೂರು ಜನರಲ್ಲಿ ಹನ್ನೊಂದು ಮಂದಿಗೆ ಕೀವಾಗುತ್ತಿತ್ತು, ಈಗ ಆರು. ವಾರ್ಡಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸಾರಾಂಶಮ್ಮ ಮಾತ್ರ ಕೆಂಪು ಶಾಯಿ ತೆಗೆದಳು. ಆ ಲೆಕ್ಕದ ಪುಟದಲ್ಲಿ 'ನಮಗೆ ಗೊತ್ತಿಲ್ಲದ್ದು' ಎಂದು ಬರೆದು, ಕೆಳಗೆ ಸೇರಿಸಿದಳು: 'ಇದೇ ಮೂರು ತಿಂಗಳಲ್ಲಿ ವಾರ್ಡಿನ ಕೆಟ್ಟ ನಲ್ಲಿಯೂ ರಿಪೇರಿಯಾಗಿದೆ. ಜನ ಕೈ ತೊಳೆಯುತ್ತಿದ್ದಾರೆ. ಪುಣ್ಯ ಯಾರಿಗೆ ಎಷ್ಟು ಸೇರಬೇಕೆಂದು ಹೇಳಲಾಗದು.'

"ನಲ್ಲಿ ವಿಷಯ ಬೇಕಿತ್ತಾ ಅಮ್ಮಾ?" ಎಂದು ಕ್ಷೌರದಣ್ಣ ಗೊಣಗಿದ.

"ಬೇಕಣ್ಣಾ. ಬಿಟ್ಟ ಸಾಲಿನ ರುಚಿ ನಾನು ಒಂದು ಸಲ ನೋಡಿದ್ದೀನಿ."

ಅದೇ ತಿಂಗಳು ದೊಡ್ಡ ಡಾಕ್ಟರು ಡಾಕ್ಟರುಗಳ ಸಭೆಯೊಂದರಲ್ಲಿ ಈ ವಿಷಯ ಮಾತಾಡಿದರು. "ನಾನು ಬಹಳ ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ" ಎಂದು ಆರಂಭಿಸಿದರಂತೆ. ಸುದ್ದಿ ಕೇಳಿ ಕ್ಷೌರದಣ್ಣ ಕೆಂಡಾಮಂಡಲ. ಮುಂದಿನ ಶನಿವಾರ ಅರ್ಧ ಮುಖಕ್ಕೆ ಮಾತ್ರ ಗಡ್ಡ ಮಾಡಿ ಬಿಡುತ್ತೇನೆ ಎಂದು ಕುಣಿದ. ಸಾರಾಂಶಮ್ಮನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

"ಅಣ್ಣಾ, ಅವರು ತಮ್ಮದು ಅಂದ್ಕೊಂಡ್ರೆ ಇನ್ನು ಯಾವತ್ತೂ ಬಿಡಲ್ಲ. ನಮ್ಮದು ಅಂದಿದ್ರೆ ನಾಳೆನೇ ಬಿಟ್ಟುಬಿಡ್ತಿದ್ರು."

ಆ ಸಭೆಯ ಮೇಲೆ ಬೇರೆ ಆಸ್ಪತ್ರೆಗಳಿಂದ ಪುಟಗಳಿಗಾಗಿ ಬೇಡಿಕೆ ಬರತೊಡಗಿತು. ಜೊತೆಗೇ ಮೇಲಿನ ಕಚೇರಿಯಿಂದ ನಾಲ್ಕು ಪುಟದ ಜ್ಞಾಪನವೂ ಬಂತು. ಯಾವ ನಿಯಮದಡಿ, ಯಾರ ಅನುಮತಿಯಿಂದ, ಯಾವ ಅಂಟಿನಿಂದ ಸರಕಾರಿ ಗೋಡೆಗೆ ಕಾಗದ ಅಂಟಿಸಲಾಗಿದೆ ಎಂಬ ಹದಿನಾರು ಪ್ರಶ್ನೆ. ಆಕೆ ಭಯದಿಂದಲೇ ಪೂರ್ತಿ ಓದಿದಳು, ಒಳಗೆ 'ಬೇಕು' ಇದೆಯೋ 'ಬೇಡ' ಇದೆಯೋ ಎಂದು ಹುಡುಕಿದಳು. ಎರಡೂ ಇರಲಿಲ್ಲ. ಮೇಷ್ಟ್ರ ಕೈಗೆ ಕೊಟ್ಟಳು. ಅವರು ಸಂತೋಷದಿಂದ ಮೂವತ್ತೊಂದು ಪುಟದ ಉತ್ತರ ಬರೆದರು, ಗೋಡೆಬರಹದ ಉಗಮದಿಂದ ಹಿಡಿದು. ಈ ಸಲ ಆಕೆ ಒಂದು ಪದವನ್ನೂ ಕತ್ತರಿಸದೆ ಕಳುಹಿಸಿದಳು. ಕಚೇರಿಯಿಂದ ಮತ್ತೆ ಯಾರೂ ಏನೂ ಕೇಳಲಿಲ್ಲ.

ಮೇಡಮ್ಮಿಗೆ ಲೆಕ್ಕವೆಲ್ಲ ಹೋಯಿತು, ನಲ್ಲಿಯ ಸಮೇತ. ಬಂದ ಉತ್ತರವನ್ನು ಆಕೆ ಸಿಸ್ಟರಿಗೂ ಕ್ಷೌರದಣ್ಣನಿಗೂ ಗಟ್ಟಿಯಾಗಿ ಓದಿ ಹೇಳಿದಳು. ಈ ಎಣಿಕೆಯನ್ನು ತನ್ನ ಮುಂದಿನ ಲೇಖನದಲ್ಲಿ ಸೇರಿಸಬಹುದೇ, ಆ ಲೇಖನವನ್ನು ಬೀಗವಿಲ್ಲದ ಕಡೆಯೇ ಪ್ರಕಟಿಸುವೆ, ಕೆಲಸ ಮಾಡಿದವರ ಹೆಸರು ಮತ್ತು ಹುದ್ದೆ ಕಳುಹಿಸಿ ಎಂದಿತ್ತು. ಕ್ಷೌರದಣ್ಣ ಪೆಟ್ಟಿಗೆ ಕೆಳಗಿಟ್ಟ.

"ನನ್ನ ಹುದ್ದೆ ಏನಂತ ಬರೀತೀರಿ?"

"ಕ್ಷೌರಿಕ ಅಂತ. ಇನ್ನೇನು?"

"ಅದೇ ಬರೀರಿ," ಎಂದ ಆತ. "ಬೇರೆ ಏನೂ ಸೇರಿಸಬೇಡಿ." ಆಮೇಲೆ ಕಿಟಕಿಯ ಕಡೆಗೆ ತಿರುಗಿ, ಸ್ವಚ್ಛವಾಗಿಯೇ ಇದ್ದ ಕನ್ನಡಿಯನ್ನು ಬಹಳ ಹೊತ್ತು ಒರೆಸಿದ.

ಈಗ ಯಾವ ಪುಟ ಬರೆದರೂ ಅದು ಮೊದಲು ಆತನ ಮುಂದೆ ಓದಲ್ಪಡುತ್ತದೆ. ಆತ ಹುಬ್ಬು ಗಂಟಿಕ್ಕಿದ ಕಡೆ ಸಾರಾಂಶಮ್ಮ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ, ಮತ್ತೆ ಮೂಲಕ್ಕೆ ಹೋಗುತ್ತಾಳೆ. ಗ್ರಂಥಾಲಯದ ಒಂದು ಬೆಂಚು ಓದುವವರಿಗೆ, ಇನ್ನೊಂದು ಮಲಗುವವರಿಗೆ ಎಂದು ರಾಜಿಯಾಗಿದೆ. ಆಕೆಯ ನಿವೃತ್ತಿಗೆ ಇನ್ನು ಎರಡು ವರ್ಷ. ಮೊನ್ನೆ ಆಂಬುಲೆನ್ಸ್ ಡ್ರೈವರು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಅಮ್ಮಾ, ಹಾವು ಕಚ್ಚಿದವರನ್ನ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ ನನ್ನ ಗಾಡಿಗೆ ಹತ್ತಿಸ್ತಾರೆ. ಕಾಲು ನೀಲಿಯಾಗಿರುತ್ತೆ. ಅದು ಸರೀನಾ ತಪ್ಪಾ? ನಿಮ್ಮ ಕಂಪ್ಯೂಟರಲ್ಲಿ ಏನಾದ್ರೂ ಇದೆಯಾ?"

"ಬನ್ನಿ, ಕೂತ್ಕೊಳ್ಳಿ," ಎಂದು ಸಾರಾಂಶಮ್ಮ ಕನ್ನಡಕ ಏರಿಸಿಕೊಂಡಳು. "ಎಲ್ಲಿ ಕಟ್ಟಿರ್ತಾರೆ, ಎಷ್ಟು ಹೊತ್ತು ಕಟ್ಟಿರ್ತಾರೆ, ಮೊದಲು ನೀವು ನೋಡಿದ್ದು ಹೇಳಿ."